ನೀರಿನ ಜಾಡು ಹಿಡಿದು ನೆದರ್ಲ್ಯಾಂಡ್ಸ್

ಆಮ್‌ಸ್ಟರ್‌ಡ್ಯಾಮಿನ ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿದವರು ಸಮುದ್ರ ಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗೆ ನಿಂತಿರುತ್ತಾರೆ. ಅದು ಒಂದು ಕಾಲದ ಸರೋವರದ ತಳ. 1849ರಿಂದ 1852ರವರೆಗೆ ಮೂರು ಕಡೆ ಉಗಿಯಂತ್ರ ಕೂರಿಸಿ ನೀರೆತ್ತಿ ಆ ಸರೋವರವನ್ನೇ ಬತ್ತಿಸಿದರು. ವಿದ್ಯಾರ್ಥಿಗಳ ಗುಂಪು ಕಟ್ಟಿಕೊಂಡು ಡಚ್ ಎಂಜಿನಿಯರಿಂಗ್ ನೋಡಲು ಹೋದವರಿಗೆ ಪಾಠ ಅಲ್ಲೇ ಶುರು.

ಇಂಥ ಪ್ರವಾಸದಲ್ಲಿ ಮ್ಯೂಸಿಯಂ, ಸೈಕಲ್ ದಾರಿ, ಹೊಸ ವಿನ್ಯಾಸದ ಕಟ್ಟಡ ಎಲ್ಲ ಇರುತ್ತದೆ. ಇರಲಿ. ನನ್ನನ್ನು ಕೇಳಿದರೆ ನೀರಿನ ಜಾಡು ಹಿಡಿದು ಹೋಗಬೇಕು.

ಮೊದಲು ಕಿಂಡರ್‌ಡೈಕ್ ಎಂಬ ಹಳ್ಳಿ. ಅಲ್ಲಿ 19 ಗಾಳಿಗಿರಣಿಗಳಿವೆ, ಹೆಚ್ಚಿನವು 1740ರ ಆಸುಪಾಸಿನವು. ಹೆಸರಿಗೆ ಗಿರಣಿ, ಕೆಲಸ ಮಾತ್ರ ನೀರೆತ್ತುವುದು. ಬುಡದ ದೊಡ್ಡ ಚಕ್ರದ ಹಲಗೆಗಳು ನೀರನ್ನು ಮೊಗೆದು ಮೇಲಿನ ಕಾಲುವೆಗೆ ತಳ್ಳುತ್ತವೆ. ಏರಿಯ ಮೇಲೆ ನಿಂತು ನೋಡಿ. ಕಾಲುವೆಯ ನೀರು ಎತ್ತರದಲ್ಲಿ, ಹುಲ್ಲುಗಾವಲು ತಗ್ಗಿನಲ್ಲಿ!

ನೆಲ ಇಷ್ಟು ತಗ್ಗಾಗಿದ್ದು ಹೇಗೆ? ಇಲ್ಲಿ ಜಾಸ್ತಿ ಇರುವುದು ಪೀಟ್ ಮಣ್ಣು, ಅಂದರೆ ಸಾವಿರಾರು ವರ್ಷ ಜೌಗಿನಲ್ಲಿ ಅರೆಬರೆ ಕೊಳೆತ ಗಿಡಗಳ ಪದರ. ನೀರಲ್ಲಿ ಮುಳುಗಿರುವಷ್ಟು ದಿನ ಅದಕ್ಕೇನೂ ಆಗುವುದಿಲ್ಲ. ಬೇಸಾಯಕ್ಕೆಂದು ನೀರು ಬಸಿದರೆ ಒಳಗೆ ಗಾಳಿ ನುಗ್ಗುತ್ತದೆ. ಸೂಕ್ಷ್ಮಜೀವಿಗಳು ಆ ಮಣ್ಣನ್ನು ತಿನ್ನುತ್ತವೆ. ಕಾಲ ಕೆಳಗಿನ ನೆಲ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೆಲ ಕುಸಿಯುತ್ತದೆ, ಮತ್ತೆ ನೀರು ನಿಲ್ಲುತ್ತದೆ, ಮತ್ತೆ ಎತ್ತಬೇಕು, ಮತ್ತೆ ಕುಸಿತ. ಸುಮಾರು ಸಾವಿರ ವರ್ಷದಿಂದ ನಡೆದಿರುವುದು ಇದೇ. ಗಿರಣಿ ಚೆನ್ನಾಗಿದೆ ಎಂದು ಫೋಟೊ ತೆಗೆಯುವ ಮಕ್ಕಳಿಗೆ ಇದನ್ನು ಹೇಳಲೇಬೇಕು.

ತಗ್ಗಿನ ನೆಲಕ್ಕೆ ಸಮುದ್ರ ನುಗ್ಗಿದರೆ? 1953ರ ಜನವರಿ 31ರ ರಾತ್ರಿ, ಫೆಬ್ರುವರಿ 1 ಬೆಳಗಾಗುವ ಹೊತ್ತಿಗೆ ಹಾಗೇ ಆಯಿತು. ನೆದರ್ಲ್ಯಾಂಡ್ಸ್‌ನಲ್ಲಿ 1,836 ಜನ ಸತ್ತರು. ಆಮೇಲೆ ಕಟ್ಟಿದ ತಡೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ರೋಟರ್‌ಡ್ಯಾಮ್ ಬಳಿಯ ಮಾಸ್ಲಾಂಟ್ ತಡೆಬಾಗಿಲು. 1997ರದ್ದು. ಎರಡು ಬಾಗಿಲು, ಒಂದೊಂದೂ 210 ಮೀಟರ್ ಉದ್ದ, 22 ಮೀಟರ್ ಎತ್ತರ. ಹಡಗುಗಳಿಗೆ ದಾರಿ ಬಿಡಬೇಕಲ್ವಾ, ಅದಕ್ಕೆ ಮಾಮೂಲಿ ದಿನಗಳಲ್ಲಿ ದಡದ ಒಣ ಗುಂಡಿಯಲ್ಲಿರುತ್ತವೆ. ಚಂಡಮಾರುತ ಬಂದಾಗ ಗುಂಡಿಗೆ ನೀರು ಬಿಡುತ್ತಾರೆ. ಪೊಳ್ಳಾದ ಬಾಗಿಲುಗಳು ತೇಲುತ್ತಾ ನಡುವೆ ಬಂದು ಕೂಡುತ್ತವೆ. ಆಮೇಲೆ ಅವುಗಳ ಹೊಟ್ಟೆಗೆ ನೀರು ತುಂಬಿಸಿದರೆ ಮುಳುಗಿ ತಳದ ಮೇಲೆ ಕೂರುತ್ತವೆ.

ಬಾಗಿಲನ್ನು ದಡಕ್ಕೆ ಹಿಡಿದಿರುವ ಉಕ್ಕಿನ ತೋಳಿನ ಬುಡವನ್ನು ಹತ್ತಿರದಿಂದ ನೋಡಿ. 10 ಮೀಟರ್ ಅಗಲದ, 680 ಟನ್ ತೂಕದ ಉಕ್ಕಿನ ಗುಂಡು. ಮನೆ ಬಾಗಿಲಿನ ಕೀಲು ಒಂದೇ ರೀತಿ ತಿರುಗುತ್ತದೆ. ಈ ಬಾಗಿಲು ಪಕ್ಕಕ್ಕೂ ಸರಿಯಬೇಕು, ಕೆಳಗೂ ಇಳಿಯಬೇಕು, ಅಲೆ ಬಡಿದರೆ ತುಸು ಅಲುಗಲೂ ಬೇಕು. ಅದಕ್ಕೇ ನಮ್ಮ ಭುಜದಲ್ಲಿರುವಂಥ ಗುಂಡುಕೀಲು. ಮುಚ್ಚುವ ತೀರ್ಮಾನ ಕಂಪ್ಯೂಟರಿನದು. ನೀರು ಮಾಮೂಲಿ ಸಮುದ್ರ ಮಟ್ಟಕ್ಕಿಂತ 3 ಮೀಟರ್ ಮೇಲೇರುತ್ತದೆಂದು ಲೆಕ್ಕ ಬಂದರೆ ಮುಚ್ಚುತ್ತದೆ. ಹಾಗೆ ತಾನಾಗಿ ಮುಚ್ಚಿದ್ದು ಮೊದಲ ಸಲ 2023ರ ಡಿಸೆಂಬರಿನಲ್ಲಿ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಪರೀಕ್ಷೆಗೆ ಮುಚ್ಚುತ್ತಾರೆ. ಪ್ರವಾಸವನ್ನು ಅದಕ್ಕೆ ಹೊಂದಿಸಿಕೊಂಡರೆ ಪುಣ್ಯ.

ಓಸ್ಟರ್‌ಸ್ಖೆಲ್ಡೆ ಎಂಬ, ಸಮುದ್ರ ಒಳನಾಡಿಗೆ ಚಾಚಿರುವ ಜಾಗದ ತಡೆಯದ್ದು ಬೇರೆ ಕಥೆ. ಅಲ್ಲಿ ಸುಮ್ನೆ ಒಡ್ಡು ಹಾಕಿ ಸಮುದ್ರವನ್ನು ಪೂರ್ತಿ ಮುಚ್ಚುವ ಯೋಜನೆಯಿತ್ತು. ಉಬ್ಬರವಿಳಿತ ನಿಂತರೆ ಚಿಪ್ಪುಮೀನು ಸಾಯುತ್ತದೆಂದು ಮೀನುಗಾರರೂ ಪರಿಸರದವರೂ ಹಟ ಹಿಡಿದರು. ಕೊನೆಗೆ 62 ಉಕ್ಕಿನ ಗೇಟುಗಳಿರುವ ತಡೆ ಬಂತು, 1986ರಲ್ಲಿ. ದಿನವೂ ತೆರೆದಿರುತ್ತದೆ, ಬಿರುಗಾಳಿಗೆ ಮಾತ್ರ ಮುಚ್ಚುತ್ತದೆ.

ಕಡೆಯ ದಿನ ರೋಟರ್‌ಡ್ಯಾಮಿನ ಬೆಂಥೆಂಪ್ಲೈನ್ ಚೌಕಕ್ಕೆ ಹೋಗಿ. 2013ರಲ್ಲಿ ಆದದ್ದು. ವಿನ್ಯಾಸದ ಚರ್ಚೆಯಲ್ಲಿ ಪಕ್ಕದ ಕಾಲೇಜಿನ ವಿದ್ಯಾರ್ಥಿಗಳೂ ಕೂತಿದ್ದರು. ನೋಡಲು ಆಟದ ಅಂಗಳ, ಸುತ್ತ ಕೂರಲು ಮೆಟ್ಟಿಲು. ಜೋರು ಮಳೆ ಬಂದರೆ ಅಂಗಳವೇ ಕೊಳ. ಸುಮಾರು 17 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಚರಂಡಿ ಉಕ್ಕುವುದು ತಪ್ಪುತ್ತದೆ. ಮಳೆ ನಿಂತ ಮೇಲೆ ನೀರು ನಿಧಾನವಾಗಿ ಇಳಿಯುತ್ತದೆ, ಹುಡುಗರು ಮತ್ತೆ ಚೆಂಡು ಹಿಡಿದು ಬರುತ್ತಾರೆ.