ಅಂಟಿದ್ದು ಹೆಸರು ಮಾತ್ರ

"ನಮ್ಮ ಮಾವನಿಗೆ ಬಯಾಪ್ಸಿಯಲ್ಲಿ ಮೈಕೋಸಿಸ್ ಫಂಗಾಯ್ಡಿಸ್ ಅಂತ ಬಂದಿದೆ. ಅವರ ಟವಲು ಬೇರೆ ಇಡಬೇಕಾ?"

ಬೇಡ. ಆಳಂದದ ಇದೇ ಮನೆಯಿಂದ ಮೊದಲು ಮಗ ಕೇಳಿದರು, ಆಮೇಲೆ ಸೊಸೆ, ಈಗ ಅಳಿಯ. ಮೂವರಿಗೂ ಒಂದೇ ಉತ್ತರ: ಇದು ಅಂಟುವ ಕಾಯಿಲೆ ಅಲ್ಲ.

ತಪ್ಪು ಹೆಸರಿನದು, ಕೇಳಿದರೆ ಫಂಗಸ್ ರೋಗ ಅನ್ನಿಸುತ್ತದೆ. 1806ರಲ್ಲಿ ಅಲಿಬರ್ ಎಂಬ ಫ್ರೆಂಚ್ ವೈದ್ಯರು ವಿವರಿಸಿದ ರೋಗಿಯ ಮೈಮೇಲಿನ ಗಂಟುಗಳು ಅಣಬೆ ಎದ್ದ ಹಾಗಿದ್ದವು, ಆ ಅಣಬೆಯೇ ಮುಂದೆ ಹೆಸರಾಗಿ ಅಂಟಿತು. ಒಳಗೆ ಫಂಗಸ್ ಇಲ್ಲವೇ ಇಲ್ಲ. ಟಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಕೆಟ್ಟು ಚರ್ಮದಲ್ಲಿ ಸೇರಿಕೊಳ್ಳುತ್ತವೆ, ಅಲ್ಲಿ ಮಚ್ಚೆ ಏಳುತ್ತದೆ. ಅಂದರೆ ಇದು ಲಿಂಫೋಮಾ, ಈ ಕಣಗಳ ಕ್ಯಾನ್ಸರ್, ಅದರಲ್ಲೂ ಅಪರೂಪದ್ದು.

ಹೇಳಿದರೂ ಬಿಡುವುದಿಲ್ಲ. "ಮತ್ತೆ ಹುಳುಕಡ್ಡಿ ಟ್ಯೂಬ್ ಹಚ್ಚಿದ್ರೆ ಕಮ್ಮಿ ಆಗ್ತಿತ್ತಲ್ರೀ?" ಆಗುತ್ತಿತ್ತು. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದ ಆ ಟ್ಯೂಬ್ ತಿರುಗಿಸಿ, ಸಣ್ಣ ಅಕ್ಷರ ಓದಿ. ಫಂಗಸ್ ಔಷಧದ ಪಕ್ಕದಲ್ಲೇ ಎಷ್ಟೋ ಸಲ ಕ್ಲೊಬೆಟಾಸೋಲ್ ಅಂತಿರುತ್ತದೆ, ಅದು ಸ್ಟೀರಾಯ್ಡ್. ಮಚ್ಚೆ ತಗ್ಗಿಸಿದ್ದು ಅದು. ಬಿಟ್ಟರೆ ವಾಪಸ್. ಹಚ್ಚುತ್ತಾ ಬಿಡುತ್ತಾ ವರ್ಷಗಳು ಹೋಗುತ್ತವೆ, ಕೊನೆಗೆ ಬಯಾಪ್ಸಿಗೆ ಹೋದರೆ ಸ್ಟೀರಾಯ್ಡಿನಿಂದ ಗುರುತೂ ಮಸುಕಾಗಿ ಎರಡು ಮೂರು ಸಲ ಚರ್ಮ ತೆಗೆಸಿಕೊಳ್ಳಬೇಕಾಗುತ್ತದೆ. ನಮ್ಮಂಥ ಕಪ್ಪು ಮೈಯಲ್ಲಿ ಮಚ್ಚೆ ಬಿಳಿಚಿಕೊಂಡರಂತೂ ತೊನ್ನು, ಕುಷ್ಠ ಎಂಬ ಗುಮಾನಿ ಬೇರೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಗೊತ್ತಾಗುವುದಿಲ್ಲ, ಇದರಲ್ಲಿ ಗೊತ್ತಾಗುತ್ತದೆ.

ಕ್ಯಾನ್ಸರ್ ಅಂದಕೂಡಲೇ ಕೀಮೋ ಅಲ್ಲ. ಬರೀ ಮಚ್ಚೆ ಇರುವಾಗ ಸ್ಟೀರಾಯ್ಡ್ ಮುಲಾಮು (ಹೌದು, ಅದೇ, ಆದರೆ ರೋಗ ಗೊತ್ತಾದ ಮೇಲೆ, ವೈದ್ಯರ ಅಳತೆಯಲ್ಲಿ) ಇಲ್ಲವೇ ಬೆಳಕಿನ ಚಿಕಿತ್ಸೆ. ಮೈಯ ಶೇ. 10ಕ್ಕಿಂತ ಕಡಿಮೆ ಜಾಗದಲ್ಲಿದ್ದರೆ ಹೆಚ್ಚಿನವರ ಆಯುಷ್ಯಕ್ಕೆ ಧಕ್ಕೆ ಇಲ್ಲ. ಗಂಟು ಎದ್ದರೆ, ರಕ್ತಕ್ಕೋ ದುಗ್ಧ ಗ್ರಂಥಿಗೋ ಹೋದರೆ ರೇಡಿಯೇಶನ್, ಮೆಥೊಟ್ರೆಕ್ಸೇಟ್ ಎಂಬ ಔಷಧ, ಹೀಗೆ ಮುಂದಿನ ಮಾತು.

ಬೆಳಕು ಅಂದೆ ನೋಡಿ. ಕಲಬುರಗಿಯಲ್ಲಿ ಮೇ ತಿಂಗಳು 40 ಡಿಗ್ರಿ ದಾಟುತ್ತದೆ, ಮಾಳಿಗೆ ಮೇಲೆ ಸುಮ್ನೆ ಹಪ್ಪಳದ ಹಾಗೆ ಬಿದ್ದುಕೊಂಡರೆ ಆಗಲ್ವಾ? ಯಾರೂ ಕೇಳಿಲ್ಲ, ಆದರೆ ಕೇಳುತ್ತೀರಿ. ದಡ್ಡ ಪ್ರಶ್ನೆಯೇನಲ್ಲ, ಮಚ್ಚೆ ಜಾಸ್ತಿ ಏಳುವುದೇ ತೊಡೆ, ಪಿರ್ರೆ, ಸೊಂಟದಂಥ ಬಿಸಿಲು ಕಾಣದ ಜಾಗದಲ್ಲಿ. ಆದರೆ ಸೆಕೆ ಔಷಧವಲ್ಲ. ಬಿಸಿಲಲ್ಲಿ ಎಲ್ಲ ಕಿರಣವೂ ಬೆರೆತಿರುತ್ತದೆ. ಆಸ್ಪತ್ರೆಯ ಪೆಟ್ಟಿಗೆಯೊಳಗೆ ಸುಮಾರು 311 ನ್ಯಾನೊಮೀಟರಿನ ನೇರಳಾತೀತ ಕಿರಣ ಮಾತ್ರ, ಕಣ್ಣಿಗೆ ಕನ್ನಡಕ ಹಾಕಿಸಿ, ವಾರಕ್ಕೆ ಎರಡು ಮೂರು ಸಲ, ಸ್ವಲ್ಪಸ್ವಲ್ಪವೇ ಏರಿಸುತ್ತಾ ಕೊಡುತ್ತಾರೆ. ಮಾಳಿಗೆ ಮೇಲೆ ಆ ಲೆಕ್ಕ ಯಾರು ಇಡುತ್ತಾರೆ?