ಹಿಂಭಾಗದ ಗಾಯ, ಕಾರಣ ತಿಳಿಯದ ಸಾವು: ಲೇಯರ್ ಕೋಳಿಯನ್ನು ಕೊಯ್ದು ನೋಡುವವರಿಗೆ ಟಿಪ್ಪಣಿ

ಪಶುಸಂಗೋಪನಾ ಡಿಪ್ಲೊಮಾ ಓದುತ್ತಾ ಚಿಂತಾಮಣಿ, ಮುಳಬಾಗಿಲು, ಶಿರಾ ಕಡೆಯ ಫಾರ್ಮುಗಳಿಗೆ ಫೀಲ್ಡ್ ಕೆಲಸಕ್ಕೆ ಹೋಗುವವರಿಗಾಗಿ ಇದನ್ನು ಬರೆದಿದ್ದೇನೆ. ಫಾರ್ಮಿನ ರಿಜಿಸ್ಟರಿನಲ್ಲಿ ಸಾವಿನ ಕಾಲಂ ತುಂಬುವುದು ಸಾಮಾನ್ಯವಾಗಿ ಎರಡೇ ಮಾತಿನಿಂದ: ‘ಕುಕ್ಕಿ ಸತ್ತಿದೆ’, ‘ಸುಮ್ಮನೆ ಸತ್ತಿದೆ’. ಎರಡೂ ರೋಗನಿರ್ಣಯ ಅಲ್ಲ. ಗುದದ್ವಾರದ ಗಾಯ ಕಣ್ಣಿಗೆ ಮೊದಲು ಬೀಳುತ್ತದೆ ನಿಜ, ಆದರೆ ಕೋಳಿಗೆ ಆದದ್ದರ ಸಾಲಿನಲ್ಲಿ ಅದು ಬಹುಪಾಲು ಕೊನೆಯದು. ಅದಕ್ಕೆ ಮುಂಚೆ ಏನಾಯಿತು ಎನ್ನುವುದು ಹೊಟ್ಟೆಯೊಳಗೆ, ಮೊಟ್ಟೆ ಟ್ರೇಯಲ್ಲಿ, ಲೈಟಿನ ಸ್ವಿಚ್ಚಿನಲ್ಲಿ ಇರುತ್ತದೆ.

ಮೊದಲು ಅಂಗರಚನೆ, ಚುಟುಕಾಗಿ. ಕೋಳಿಗೆ ಎಡಗಡೆಯ ಅಂಡಾಶಯ, ಎಡಗಡೆಯ ಅಂಡನಾಳ ಮಾತ್ರ ಕೆಲಸ ಮಾಡುತ್ತವೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಗ್ರಂಥಿಯಲ್ಲೇ ಕಳೆಯುತ್ತದೆ. ಹಿಕ್ಕೆ, ಮೂತ್ರ, ಮೊಟ್ಟೆ ಮೂರಕ್ಕೂ ಹೊರದಾರಿ ಒಂದೇ. ಆದರೂ ಮೊಟ್ಟೆಗೆ ಹಿಕ್ಕೆ ತಾಗುವುದಿಲ್ಲ, ಏಕೆಂದರೆ ಇಡುವ ಹೊತ್ತಿಗೆ ಅಂಡನಾಳದ ತುದಿಯೇ ಒಳಗಿನಿಂದ ಹೊರಕ್ಕೆ ಮಗುಚಿ ಮೊಟ್ಟೆಯನ್ನು ಬಿಟ್ಟು ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಆ ಸ್ವಲ್ಪ ಹೊತ್ತು ಕೆಂಪಗೆ, ಒದ್ದೆಯಾಗಿ ಹೊಳೆಯುವ ಪೊರೆ ಪಕ್ಕದ ಕೋಳಿಗಳ ಕಣ್ಣೆದುರಿಗೇ ಇರುತ್ತದೆ. ಅದು ಬೇಗ ಒಳಹೋಗದಿದ್ದರೆ ಕುಕ್ಕುವುದು ಶುರು. ಒಮ್ಮೆ ರಕ್ತ ಕಂಡಿತೋ, ಮುಂದಿನದನ್ನು ತಡೆಯುವುದು ಕಷ್ಟ. ಅಂಡನಾಳ ಹರಿಯುತ್ತದೆ, ಕೆಲವು ಸಲ ಅದರ ಹಿಂದೆಯೇ ಕರುಳನ್ನೂ ಎಳೆದುಬಿಡುತ್ತವೆ.

ಹಾಗಾಗಿ ‘ಯಾವುದು ಕುಕ್ಕಿತು’ ಎಂದು ಹುಡುಕಬೇಡಿ. ‘ಏಕೆ ಒಳಗೆ ಹೋಗಲಿಲ್ಲ’ ಎಂದು ಕೇಳಿ. ಮೈತೂಕ ಸಾಲದ ಹ್ಯಾಟೆಗೆ (ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೆಣ್ಣುಕೋಳಿ) ಬೇಗನೆ ಲೈಟ್ ಹೆಚ್ಚಿಸಿ ಮೊಟ್ಟೆಗೆ ತಂದರೆ ಮೂಳೆಚೌಕಟ್ಟು ಚಿಕ್ಕದು, ಮೊಟ್ಟೆ ದೊಡ್ಡದು. ವಿಪರೀತ ಕೊಬ್ಬಿದ ಕೋಳಿಯಲ್ಲಿ ಕೊಬ್ಬೇ ದಾರಿಯನ್ನು ಇಕ್ಕಟ್ಟು ಮಾಡಿ, ಸ್ನಾಯುವಿನ ಬಿಗಿಯನ್ನೂ ಕಳೆಯುತ್ತದೆ. ಎರಡು ಹಳದಿಯ ದಪ್ಪ ಮೊಟ್ಟೆ, ಕ್ಯಾಲ್ಸಿಯಂ ಕೊರತೆಯಿಂದ ಸೋತ ಸ್ನಾಯು, ಅಂಡನಾಳದ ಸೋಂಕು ಇವೂ ಕಾರಣವಾಗುತ್ತವೆ. ಇದರ ಮುನ್ಸೂಚನೆ ಶವಕ್ಕಿಂತ ಮೊದಲು ಟ್ರೇಯಲ್ಲಿ ಸಿಗುತ್ತದೆ. ಚಿಪ್ಪಿನ ಮೇಲೆ ರಕ್ತದ ಗೆರೆ ಇರುವ ಮೊಟ್ಟೆಗಳು ಹೆಚ್ಚುತ್ತಿದ್ದರೆ ಆ ಸಾಲಿನಲ್ಲಿ ಯಾವುದೋ ಕೋಳಿಗೆ ಆಗಲೇ ಹರಿದಿದೆ ಎಂದರ್ಥ. ಟ್ರೇ ಎತ್ತುವ ಹುಡುಗನನ್ನು ಕೇಳಿ. ಮಾಲೀಕರಿಗಿಂತ ಅವನಿಗೇ ಹೆಚ್ಚು ಗೊತ್ತಿರುತ್ತದೆ.

ಸತ್ತ ಕೋಳಿ ಕೈಗೆ ಬಂದಾಗ ಮೊದಲ ಪ್ರಶ್ನೆ: ಗಾಯ ಬದುಕಿದ್ದಾಗ ಆದದ್ದೋ, ಸತ್ತ ಮೇಲೆ ಆದದ್ದೋ? ಬದುಕಿದ್ದಾಗ ಆದ ಗಾಯದ ಅಂಚು ಊದಿರುತ್ತದೆ, ಸುತ್ತ ರಕ್ತ ಹೆಪ್ಪುಗಟ್ಟಿರುತ್ತದೆ, ಚರ್ಮದಡಿ ಕಪ್ಪುಗೆಂಪು ಇಳಿದಿರುತ್ತದೆ. ಅಕ್ಕಪಕ್ಕದ ಕೋಳಿಗಳ ಕೊಕ್ಕಿಗೂ ಮುಖಕ್ಕೂ ರಕ್ತ ಮೆತ್ತಿರುವುದುಂಟು. ಸತ್ತ ಮೇಲೆ ಕೇಜಿನ ಜೊತೆಗಾರ್ತಿಯರೋ ಇಲಿಯೋ ಇರುವೆಯೋ ತಿಂದ ಜಾಗದ ಅಂಚು ಒಣಕಲು, ಬಿಳಿಚು. ಅಲ್ಲಿ ಹೆಪ್ಪು ಇರದು. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಸತ್ತದ್ದನ್ನು ಮಧ್ಯಾಹ್ನ ಕೊಟ್ಟರೆ ಹೊಟ್ಟೆ ಉಬ್ಬಿ ಗುದದ್ವಾರ ಒಂದಿಷ್ಟು ಹೊರಗೆ ಚಾಚಿರಬಹುದು, ಹೊಟ್ಟೆಯ ಚರ್ಮ ಹಸಿರಾಗಿರಬಹುದು. ಅದು ಕೊಳೆತ, ರೋಗವಲ್ಲ. ‘ಕರುಳು ಹೊರಬಂದು ಸತ್ತಿದೆ’ ಎಂದು ಹೇಳಿದರೂ ಕೈಯಿಂದ ಮುಟ್ಟಿ ನೋಡಿ. ದಪ್ಪ ಗೋಡೆಯ, ಒಳಗೆ ಉದ್ದುದ್ದ ಮಡಿಕೆಗಳಿರುವ ಕೊಳವೆ ಅಂಡನಾಳ. ತೆಳುವಾಗಿ, ನುಣುಪಾಗಿ, ಒಳಗೆ ಹಿಕ್ಕೆ ಇರುವುದು ಕರುಳು.

ಇನ್ನು ಜುಟ್ಟು. ಬಿಳಿಚಿದ ಜುಟ್ಟು ಎಂದರೆ ರಕ್ತ ಎಲ್ಲಿಗೋ ಹೋಗಿದೆ. ಎಲ್ಲಿಗೆ ಎನ್ನುವುದೇ ಈ ಟಿಪ್ಪಣಿಯಲ್ಲಿ ನೀವು ನೆನಪಿಡಬೇಕಾದ ಮುಖ್ಯ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ರಕ್ತ ಬಾಲದಡಿಯ ಪುಕ್ಕದ ಮೇಲೆ, ಕೇಜಿನ ತಂತಿಯ ಮೇಲೆ ಇದ್ದರೆ ಕುಕ್ಕಿದ ಸಾವು, ಒಳಗಿನ ಅಂಗಗಳೂ ಬಿಳಿಚಿರುತ್ತವೆ. ಹೊರಗೆ ಒಂದು ಹನಿಯೂ ಇಲ್ಲ, ಆದರೆ ಹೊಟ್ಟೆ ತೆರೆದಾಗ ಲಿವರಿನ ಮೇಲೆ ದೊಡ್ಡ ಹೆಪ್ಪು ಕೂತಿದ್ದರೆ ಅದು ಕೊಬ್ಬಿನ ಲಿವರ್ ಒಡೆದು ರಕ್ತ ಸೋರಿದ ಸಾವು. ಇಂಥ ಕೋಳಿ ಹಿಂದಿನ ದಿನದವರೆಗೂ ಮೊಟ್ಟೆ ಇಟ್ಟಿರುತ್ತದೆ, ನೋಡಲು ದಷ್ಟಪುಷ್ಟ. ಹೊಟ್ಟೆಯಲ್ಲಿ ದಪ್ಪ ಕೊಬ್ಬಿನ ಪದರ, ಲಿವರ್ ಹಳದಿ, ಬೆರಳಿನಿಂದ ಒತ್ತಿದರೆ ಬೆಂದ ಗೆಣಸಿನಂತೆ ಕುಸಿಯುತ್ತದೆ. ಇಲ್ಲೊಂದು ಎಚ್ಚರಿಕೆ: ಮೊಟ್ಟೆ ಇಡುವ ಕೋಳಿಯ ಲಿವರ್ ಸಹಜವಾಗಿಯೇ ಸ್ವಲ್ಪ ಹಳದಿಗೆ ತಿರುಗಿರುತ್ತದೆ, ಏಕೆಂದರೆ ಮೊಟ್ಟೆಯ ಹಳದಿಗೆ ಬೇಕಾದ ಕೊಬ್ಬು ತಯಾರಾಗುವುದು ಅಲ್ಲೇ. ಬಣ್ಣ ಒಂದನ್ನೇ ನೋಡಿ ಬರೆದುಬಿಡಬೇಡಿ. ಹೆಪ್ಪು, ಕುಸಿಯುವ ಗುಣ, ಹೊಟ್ಟೆಯ ಕೊಬ್ಬು ಮೂರೂ ಸೇರಬೇಕು. ಕೇಜಿನಲ್ಲಿ ಓಡಾಟವಿಲ್ಲದೆ, ಮೆಕ್ಕೆಜೋಳ ಹೆಚ್ಚಾದ ಆಹಾರ ತಿಂದು, ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಬದುಕುವ ಕೋಳಿಗೆ ಇದು ಬರುವುದು ಹೆಚ್ಚು. ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡ ಲಿವರನ್ನು ಕೆಡಿಸುತ್ತದೆ, ಅದಕ್ಕೇ ಗೋಡೌನಿಗೂ ಹೋಗಿ ಬನ್ನಿ. ಪರಿಹಾರ ಆಹಾರದಲ್ಲಿದೆ: ಶಕ್ತಿಯ ಅಂಶ ಇಳಿಸುವುದು, ಕೋಲಿನ್, ವಿಟಮಿನ್ ಇ, ಬಿ12 ಸೇರಿಸುವುದು.

ರಕ್ತ ಹೊರಗೂ ಇಲ್ಲ, ಒಳಗೂ ಇಲ್ಲ, ಜುಟ್ಟು ಮಾತ್ರ ಬಿಳಿಚು, ಮೈ ಸೊರಗಿದೆ. ಆಗ ರಕ್ತ ಕುಡಿಯುವವರನ್ನು ಹುಡುಕಿ. ಗುದದ್ವಾರದ ಸುತ್ತ ಪುಕ್ಕದ ಬುಡ ಕಪ್ಪಾಗಿ ಜಿಡ್ಡುಗಟ್ಟಿದ್ದರೆ ರಕ್ತ ಹೀರುವ ನುಸಿ, ಅಂದರೆ ಮೈಟ್‌ಗಳ ಗುಂಪು. ಬುಡದಲ್ಲಿ ಬಿಳಿ ಗುಪ್ಪೆ ಕಂಡರೆ ಅದು ಕೋಳಿ ಹೇನಿನ ಮೊಟ್ಟೆ. ಹೇನು ಕೆರೆತ ಕೊಟ್ಟು ಪುಕ್ಕ, ಚರ್ಮ ಕೆಡಿಸುತ್ತದೆ, ಮೈಟ್‌ನಷ್ಟು ರಕ್ತ ಕಳೆಯುವುದಿಲ್ಲ. ಹಳ್ಳಿಯ ಮಣ್ಣುಗೋಡೆಯ ಗೂಡಿನಲ್ಲಿ ಸಾಕಿದ ನಾಟಿ ಕೋಳಿಯಾದರೆ ಉಣ್ಣೆಯನ್ನು ಮರೆಯಬೇಡಿ. ಹಗಲು ಬಿರುಕಿನಲ್ಲಿ ಅಡಗಿ ರಾತ್ರಿ ಹೊರಬರುವ ಅದನ್ನು ಹಗಲು ಹುಡುಕಿ ‘ಏನೂ ಇಲ್ಲ’ ಎಂದು ಬರುವುದು ವ್ಯರ್ಥ, ಟಾರ್ಚ್ ಹಿಡಿದು ರಾತ್ರಿ ಹೋಗಬೇಕು.

ಸತ್ತ ಹೊತ್ತು ಇನ್ನೊಂದು ಸುಳಿವು. ಮೊಟ್ಟೆ ಇಡುವುದು ಹೆಚ್ಚಾಗಿ ಬೆಳಗಿನ ಹೊತ್ತು, ಅಂಡನಾಳ ಹೊರಬಂದು ಕುಕ್ಕಿಸಿಕೊಂಡ ಕೋಳಿ ಸಿಗುವುದೂ ಅದರ ನಂತರವೇ. ಮಧ್ಯಾಹ್ನ, ಸಂಜೆಯ ಸಾವು, ಜೊತೆಗೆ ಉಳಿದ ಕೋಳಿಗಳ ಬಾಯಿ ತೆರೆದ ಏದುಸಿರು, ಮೈಯಿಂದ ದೂರ ಹಿಡಿದ ರೆಕ್ಕೆ ಕಂಡರೆ ಬಿಸಿಲಿನ ಬೇಗೆ. ಮುಂಜಾನೆ ಲೈಟ್ ಹಾಕುವ ಹೊತ್ತಿಗೇ ಸತ್ತು ಬಿದ್ದಿದ್ದರೆ ಮೊದಲು ಕ್ಯಾಲ್ಸಿಯಂ ಬಗ್ಗೆ ಯೋಚಿಸಿ.

ಕ್ಯಾಲ್ಸಿಯಂ ಲೆಕ್ಕ ಹೀಗೆ. ಒಂದು ಚಿಪ್ಪಿಗೆ ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ ಬೇಕು. ತಿಂದದ್ದೆಲ್ಲ ಮೈಗೆ ಹಿಡಿಯುವುದಿಲ್ಲವಾದ್ದರಿಂದ ದಿನಕ್ಕೆ ನಾಲ್ಕು ಗ್ರಾಂ ಆಸುಪಾಸು ಕೊಡಬೇಕಾಗುತ್ತದೆ. ಚಿಪ್ಪು ಕಟ್ಟುವ ಕೆಲಸ ನಡೆಯುವುದು ಹೆಚ್ಚಾಗಿ ರಾತ್ರಿ, ಆಗ ಕೋಳಿ ತಿನ್ನುವುದಿಲ್ಲ. ಹಿಟ್ಟಿನಂಥ ಸುಣ್ಣದಪುಡಿ ಮಾತ್ರ ಕೊಟ್ಟಿದ್ದರೆ ಅದು ಸಂಜೆಗೇ ಕರುಳು ದಾಟಿರುತ್ತದೆ. ಆಮೇಲೆ ಮೂಳೆಯಿಂದ ಕಿತ್ತುಕೊಳ್ಳುವುದೇ ದಾರಿ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಕುಸಿದಾಗ ಸಾವು. ಇಂಥ ಕೋಳಿಯನ್ನು ಕೊಯ್ದರೆ ರೋಗದ ಗುರುತೇ ಕಾಣದೆ ಗೊಂದಲವಾಗುತ್ತದೆ. ಅಂಡಾಶಯ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ, ಚಿಪ್ಪು ಗ್ರಂಥಿಯಲ್ಲಿ ಅರೆಬರೆ ಮೊಟ್ಟೆ ಸಿಗುತ್ತದೆ. ಪಕ್ಕೆಲುಬು ಬಾಗಿಸಿ ನೋಡಿ, ಎದೆಮೂಳೆ ಸೊಟ್ಟಗಿದೆಯೇ ಗಮನಿಸಿ, ತೊಡೆಮೂಳೆ ಮುರಿದು ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬದುಕಿರುವ ಕೋಳಿಯಲ್ಲೇ ಇದೆ: ಕಾಲು ಸೋತು ಮಲಗಿದ ಕೆಲವನ್ನು ಕೇಜಿನಿಂದ ಇಳಿಸಿ ನೆಲದ ಮೇಲೆ ಬಿಟ್ಟು, ನೀರು, ಆಹಾರ, ಚಿಪ್ಪಿನ ಗ್ರಿಟ್ (ಕಪ್ಪೆಚಿಪ್ಪಿನ ದಪ್ಪ ತುಣುಕು) ಕೈಗೆಟುಕುವಂತೆ ಇಡಿ. ಕೆಲವೇ ದಿನದಲ್ಲಿ ಎದ್ದು ಓಡಾಡಿದರೆ ಉತ್ತರ ಸಿಕ್ಕಿತು. ಮಧ್ಯಾಹ್ನದ ನಂತರ 2ರಿಂದ 4 ಮಿಲಿಮೀಟರ್ ಗಾತ್ರದ ಗ್ರಿಟ್ ಕೊಟ್ಟರೆ ಅದು ಜಠರದಲ್ಲಿ ಉಳಿದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ.

ಕ್ಯಾಲ್ಸಿಯಂ ಒಳ್ಳೆಯದೆಂದು ಬೆಳೆಯುವ ಹ್ಯಾಟೆಗಳಿಗೂ ಲೇಯರ್ ಆಹಾರ ಸುರಿದರೆ ಮೂತ್ರಪಿಂಡ ಕೆಡುತ್ತದೆ. ಹೃದಯ, ಲಿವರ್ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ, ಊದಿದ ಮೂತ್ರಪಿಂಡ, ಗುದದ್ವಾರಕ್ಕೆ ಮೆತ್ತಿದ ಬಿಳಿ ಹಿಕ್ಕೆ, ಇವು ಯೂರಿಕ್ ಆಮ್ಲ ಒಳಅಂಗಗಳ ಮೇಲೆ ಕೂರುವ ಗೌಟ್‌ನ ಗುರುತು. ನಮ್ಮ ಕಡೆ ಇದಕ್ಕೆ ನೀರಿನ ಪಾಲೂ ಇದೆ. ಗಡಸು ಬೋರ್‌ವೆಲ್ ನೀರಿನಿಂದ ನಿಪ್ಪಲ್ (ಕೋಳಿ ಕುಕ್ಕಿ ನೀರು ಕುಡಿಯುವ ನಳಿಗೆ) ಕಟ್ಟಿಕೊಂಡರೆ ಆ ಸಾಲಿನ ಕೋಳಿಗಳಿಗೆ ಬಾಯಾರಿಕೆಯೇ ಗತಿ. ಒಂದೇ ಸಾಲಿನಲ್ಲಿ ಗೌಟ್ ಕಂಡರೆ ಔಷಧಿ ಬರೆಯುವ ಮೊದಲು ನಿಪ್ಪಲ್ ಒಂದೊಂದನ್ನೂ ಬೆರಳಿಂದ ಒತ್ತಿ ನೋಡಿ. ಐಬಿ (ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ಶ್ವಾಸನಾಳದ ರೋಗ) ವೈರಸ್ ಕೂಡ ಮೂತ್ರಪಿಂಡ ಕೆಡಿಸಬಲ್ಲದು, ಅದು ಸಾಲು ನೋಡಿ ಬರುವುದಿಲ್ಲ. ಹೊಟ್ಟೆ ತೆರೆದೊಡನೆ ದುರ್ವಾಸನೆ, ಕರುಳಿನ ಮೇಲೆಲ್ಲ ಹಳದಿ ಗಸಿ ಇದ್ದರೆ ಮೊಟ್ಟೆಯ ಹಳದಿ ಹೊಟ್ಟೆಯೊಳಗೆ ಬಿದ್ದು ಇ. ಕೊಲೈ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಕುಕ್ಕಿದ ಗಾಯದಿಂದ ಮೇಲೇರಿದ ಸೋಂಕು ಇಲ್ಲಿಗೆ ಬಂದು ಮುಟ್ಟುವುದುಂಟು.

ಒಂದು ಕೇಸ್ ಕಲ್ಪಿಸಿಕೊಳ್ಳೋಣ. ಮುಳಬಾಗಿಲು ಕಡೆಯ 5,000 ಕೋಳಿಯ ಶೆಡ್, ವಯಸ್ಸು 23 ವಾರ. ದಿನಕ್ಕೆ ಮೂರು-ನಾಲ್ಕು ಸಾಯುತ್ತಿವೆ, ಬಹುಪಾಲು ಪಶ್ಚಿಮದ ಸಾಲಿನಲ್ಲಿ, ಗುದದ್ವಾರದಲ್ಲಿ ರಕ್ತ. ಮೊಟ್ಟೆ ಇಡುವ ಹಿಂಡಿನಲ್ಲಿ ವಾರಕ್ಕೆ ಸಾವಿರಕ್ಕೆ ಒಂದರ ಆಸುಪಾಸು ಸಾವು ಸಾಮಾನ್ಯ, ಅಂದರೆ ಇಲ್ಲಿ ಐದು. ಆಗುತ್ತಿರುವುದು ಇಪ್ಪತ್ತೊಂದರಿಂದ ಇಪ್ಪತ್ತೆಂಟು. ಕೊಯ್ದಾಗ ಅಂಗಗಳೆಲ್ಲ ಬಿಳಿಚು, ಅಂಡನಾಳ ಹರಿದಿದೆ, ಲಿವರ್ ಸರಿಯಿದೆ. ಟ್ರೇಯಲ್ಲಿ ರಕ್ತದ ಗೆರೆಯ ಮೊಟ್ಟೆ, ಎರಡು ಹಳದಿಯ ಮೊಟ್ಟೆ. 15ನೇ ವಾರಕ್ಕೇ ಲೈಟ್ ಹೆಚ್ಚಿಸಿದ್ದಾರೆ. ನೂರು ಕೋಳಿ ತೂಗಿದರೆ ಸರಾಸರಿಯ ಶೇ. 10ರ ಆಚೀಚೆ ಒಳಗೆ ಬರುವವು ಅರುವತ್ತೂ ಇಲ್ಲ. ಎಂಬತ್ತಾದರೂ ಇರಬೇಕಿತ್ತು. ಇಲ್ಲಿ ‘ಕುಕ್ಕುವ ಚಟ’ ಎಂದು ಬರೆದು ಕೊಕ್ಕು ಕತ್ತರಿಸಲು ಹೇಳಿ ಬರುವವರಿದ್ದಾರೆ. ಸರಿಯಾದ ಓದು ಬೇರೆ: ತೂಕ ಸಮನಾಗಿರದ, ಹಲವು ಕೋಳಿಗೆ ತೂಕ ಸಾಲದ ಹಿಂಡಿಗೆ ಬೇಗ ಬೆಳಕು ಕೊಟ್ಟದ್ದು ಮೂಲ, ಸಂಜೆಯ ಓರೆಬಿಸಿಲು ಆ ಸಾಲಿನಲ್ಲಿ ಅದನ್ನು ಕೆರಳಿಸಿದೆ. ಬೆಳಕಿನ ಗಂಟೆ ಈಗ ಇಳಿಸಿದರೆ ಮೊಟ್ಟೆ ಬಿದ್ದುಹೋಗುತ್ತದೆ, ಪ್ರಖರತೆ ಇಳಿಸಬಹುದು. ಪಶ್ಚಿಮಕ್ಕೆ ಪರದೆ, ಮಂದ ಬಲ್ಬು, ಆಹಾರದಲ್ಲಿ ಉಪ್ಪು ಮತ್ತು ಮಿಥಿಯೋನಿನ್ ಎಂಬ ಅಮೈನೋ ಆಮ್ಲ ಸರಿಯಿದೆಯೇ ಎಂಬ ಪರಿಶೀಲನೆ. ಹೊರಬಂದದ್ದನ್ನು ತಕ್ಷಣ ಬೇರ್ಪಡಿಸಿ ತೊಳೆದು, ಸಕ್ಕರೆ ಪಾಕ ಹಚ್ಚಿ ಊತ ಇಳಿಸಿ ಒಳಗೆ ತಳ್ಳಬಹುದು. ಆದರೆ ಮುಂದಿನ ಮೊಟ್ಟೆಗೆ ಮತ್ತೆ ಬರುವುದೇ ಹೆಚ್ಚು. ಮನೆಯ ನಾಲ್ಕು ಕೋಳಿಗೆ ಈ ಶ್ರಮ ಸರಿ, ಫಾರ್ಮಿನಲ್ಲಿ ಅದನ್ನು ಹಿಂಡಿನಿಂದ ತೆಗೆಯುವುದೇ ಲೇಸು.

ಯಾವಾಗ ಕೊಯ್ಯಬಾರದು ಎಂಬುದೂ ಪಾಠದ ಭಾಗ. ಒಂದೆರಡು ದಿನದಲ್ಲಿ ಸಾವು ದಿಢೀರ್ ಏರಿದ್ದರೆ, ಮುಖ ಊದಿ ಜುಟ್ಟು ನೀಲಿಯಾಗಿದ್ದರೆ, ಕಾಲಿನ ಮೇಲೆ ರಕ್ತದ ಚುಕ್ಕೆಗಳಿದ್ದರೆ ಚಾಕು ಕೆಳಗಿಡಿ, ಪಶುವೈದ್ಯರಿಗೆ ತಿಳಿಸಿ. ಕೊಕ್ಕರೆ ರೋಗವೂ (ರಾಣಿಖೇತ್) ಹೀಗೆ ಕಾಣಬಹುದು, ಹಕ್ಕಿಜ್ವರವೂ ಇರಬಹುದು. ಎರಡನೆಯದು ಮನುಷ್ಯರಿಗೂ ಬರುತ್ತದೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಂಡಿತ್ತು. ಖಚಿತಪಡಿಸುವುದು ಭೋಪಾಲದ ಪ್ರಯೋಗಾಲಯ, ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ತ್ರಿಜ್ಯದೊಳಗೆ ಸೋಂಕಿತ ವಲಯ, ಅಲ್ಲಿಂದ ಹತ್ತು ಕಿಲೋಮೀಟರ್‌ವರೆಗೆ ನಿಗಾ ವಲಯ.

ಉಳಿದ ಸಂದರ್ಭದಲ್ಲಿ ಮಾದರಿ ಹೋಗುವುದು ಬೆಂಗಳೂರಿನ ಹೆಬ್ಬಾಳಕ್ಕೆ. ಅಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಇದೆ, ಪಶುವೈದ್ಯಕೀಯ ಕಾಲೇಜೂ ಇದೆ. ಈಗಷ್ಟೇ ಸತ್ತದ್ದರ ಜೊತೆಗೆ ಕಾಯಿಲೆಯ ಎರಡು ಜೀವಂತ ಕೋಳಿ ಕೊಂಡೊಯ್ದರೆ ಉತ್ತಮ. ಶವವನ್ನು ಐಸ್ ಜೊತೆ ಪೆಟ್ಟಿಗೆಯಲ್ಲಿಡಿ, ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ, ಹಾಗೆ ಮಾಡಿದರೆ ಅಂಗಾಂಶ ಹಾಳಾಗಿ ಸೂಕ್ಷ್ಮದರ್ಶಕಕ್ಕೆ ಉಪಯೋಗವಾಗದು. ಅರ್ಧ ಕಿಲೋ ಆಹಾರ, ಒಂದು ಬಾಟಲಿ ನೀರು, ಹದಿನೈದು ದಿನದ ಮೊಟ್ಟೆ ಮತ್ತು ಸಾವಿನ ಲೆಕ್ಕ, ವಯಸ್ಸು, ಲಸಿಕೆ ಹಾಕಿದ ದಿನ, ಸತ್ತ ಕೋಳಿ ಯಾವ ಸಾಲಿನದು, ಯಾವ ಹೊತ್ತಿಗೆ ಸಿಕ್ಕಿತು ಎಂಬ ಚೀಟಿಯನ್ನೂ ಪೆಟ್ಟಿಗೆಯ ಜೊತೆ ಕಳಿಸಿ.