ಕಾಲೇಜು ರಿಕ್ರಿಯೇಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್: ನಿಯಮ ಓದುವವರಿಗೆ ನನ್ನ ಟಿಪ್ಪಣಿ

ಸ್ಕೋರ್ ಟೇಬಲ್‌ನಲ್ಲಿ ನಾನು ಕೂತ ಮೊದಲ ಪಂದ್ಯದಲ್ಲೇ ಒಂದು ಫೌಲ್ ಬರೆಯದೆ ಬಿಟ್ಟೆ. ಚೆಂಡು ಹಿಡಿದವನೇ ಎದುರಾಳಿಗೆ ಡಿಕ್ಕಿ ಹೊಡೆದಿದ್ದ. ರೆಫರಿ ತಲೆಯ ಹಿಂದೆ ಕೈಯಿಟ್ಟು ಸನ್ನೆ ಮಾಡಿದರು, ಚೆಂಡು ಆ ಕಡೆಯವರಿಗೆ ಹೋಯಿತು. ಫ್ರೀ ಥ್ರೋ (ಫೌಲ್‌ಗೆ ದಂಡವಾಗಿ ಎದುರಾಳಿಗೆ ಸಿಗುವ, ಯಾರೂ ತಡೆಯಬಾರದ ಎಸೆತ) ಇಲ್ಲವಲ್ಲ, ತಂಡದ ಲೆಕ್ಕಕ್ಕೆ ಯಾಕೆ ಬರೆಯಬೇಕು ಅಂದುಕೊಂಡು ಆಟಗಾರನ ಹೆಸರಿನ ಮುಂದೆ ಮಾತ್ರ ಗೀಟೆಳೆದೆ. ಕೊನೇ ನಿಮಿಷದಲ್ಲಿ ತಂಡದ ಫೌಲ್ ಆರೋ ಏಳೋ ಎಂಬ ಜಗಳ ಎದ್ದಾಗ ಎರಡೂ ಬೆಂಚಿನವರು ನನ್ನ ಪುಸ್ತಕದ ಮೇಲೆ ಬಗ್ಗಿ ನಿಂತಿದ್ದರು. ಸ್ಕೋರ್‌ಬೋರ್ಡಿನ ಮೇಲೆ 6 ಇತ್ತು. ಇರಬೇಕಾದ್ದು 7.

ಅಮೆರಿಕದ ಕಾಲೇಜುಗಳಲ್ಲಿ ಈ ಲೀಗ್‌ಗಳ ರೆಫರಿಗಳು, ಸ್ಕೋರರ್‌ಗಳು ಬಹುಪಾಲು ವಿದ್ಯಾರ್ಥಿಗಳೇ. ತರಬೇತಿ ಮುಗಿಸಿ ನಿಯಮದ ಪರೀಕ್ಷೆಗೆ ಓದುತ್ತಿರುವವರಿಗೂ, ಮೊದಲ ಸಲ ತಂಡ ಕಟ್ಟಿ ಹೆಸರು ಕೊಡುವವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆದಿದ್ದೇನೆ. ಹೂಪು ಎಷ್ಟು ಎತ್ತರ (10 ಅಡಿ), ಫ್ರೀ ಥ್ರೋ ಗೆರೆ ಬುಟ್ಟಿಯ ಹಿಂದಿನ ಬೋರ್ಡಿನಿಂದ ಎಷ್ಟು ದೂರ (15 ಅಡಿ) ಎಂಬಂಥವು ಎಲ್ಲಿ ಬೇಕಾದರೂ ಸಿಗುತ್ತವೆ. ನಾನು ಬರೆಯುವುದು ಜನ ಎಡವುವ ಜಾಗಗಳ ಬಗ್ಗೆ.

ಎರಡು ಪದರ

ನಿಯಮ ಒಂದೇ ಪುಸ್ತಕದಲ್ಲಿಲ್ಲ. ಅಡಿಯಲ್ಲಿರುವುದು ಹೈಸ್ಕೂಲ್ ಆಟಕ್ಕೆಂದು ಎನ್‌ಎಫ್‌ಎಚ್‌ಎಸ್ ಎಂಬ ಒಕ್ಕೂಟ ಪ್ರಕಟಿಸುವ ನಿಯಮಾವಳಿ. ಹೆಚ್ಚಿನ ಕಾಲೇಜು ಲೀಗ್‌ಗಳು ಅದನ್ನೇ ಹಿಡಿದಿವೆ. ಅದರ ಮೇಲೆ ಆಯಾ ಕಾಲೇಜು ತನ್ನ ನಾಲ್ಕೈದು ಪುಟದ ಸ್ಥಳೀಯ ನಿಯಮ ಹೊದಿಸಿರುತ್ತದೆ. ಅನುಮಾನ ಬಂದರೆ ಮೊದಲು ಈ ನಾಲ್ಕೈದು ಪುಟ ನೋಡಿ. ಅಲ್ಲಿ ಆ ವಿಷಯವೇ ಇಲ್ಲದಿದ್ದರೆ ದೊಡ್ಡ ಪುಸ್ತಕದ ಮಾತು ನಡೆಯುತ್ತದೆ. ಟಿವಿಯಲ್ಲಿ ನೋಡುವ ವೃತ್ತಿಪರ ಲೀಗ್ ಎನ್‌ಬಿಎ ಈ ಎರಡೂ ಪದರದಲ್ಲಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಉದಾಹರಣೆಗೆ, ಡಿಫೆಂಡರ್ ಬುಟ್ಟಿಯ ಕೆಳಗೆ ನಿಂತಿದ್ದರೆ ಚಾರ್ಜ್ (ಚೆಂಡು ಹಿಡಿದು ನುಗ್ಗಿದವನ ಮೇಲಿನ ಫೌಲ್) ಕೊಡುವಂತಿಲ್ಲ ಎಂಬ ಅರ್ಧವೃತ್ತದ ಗೆರೆ ಎನ್‌ಬಿಎಯಲ್ಲಿದೆ, ಕಾಲೇಜು ಕಾಲೇಜುಗಳ ನಡುವಿನ ಆಟ ನಡೆಸುವ ಎನ್‌ಸಿಎಎಯಲ್ಲೂ ಇದೆ. ಹೈಸ್ಕೂಲ್ ನಿಯಮದಲ್ಲಿ ಇಲ್ಲ. ಕಾಲೇಜಿನ ಅಂಕಣದ ಮೇಲೆ ಆ ಗೆರೆ ಕಣ್ಣಿಗೆ ಕಾಣುತ್ತಿದ್ದರೂ ನಿಮ್ಮ ಪಂದ್ಯಕ್ಕೆ ಅದು ಬರೀ ಬಣ್ಣ.

ಯಾರು ಆಡಬಹುದು

ಇಂಥ ಲೀಗ್‌ಗೆ ಇಂಟ್ರಾಮ್ಯೂರಲ್ ಎನ್ನುತ್ತಾರೆ. ಲ್ಯಾಟಿನ್ ಮೂಲದ ಪದ, ಗೋಡೆಗಳ ಒಳಗೆ ಎಂದರ್ಥ. 1913ರಲ್ಲಿ ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳು ಇದಕ್ಕೆಂದೇ ವಿಭಾಗ ತೆರೆದವು. ಅರ್ಹತೆಯ ನಿಯಮಗಳೆಲ್ಲ ಈ ಪದದಿಂದಲೇ ಹೊರಟಿವೆ: ಗೋಡೆಯ ಒಳಗಿನವರು ಮಾತ್ರ, ಅಂದರೆ ಆ ಕಾಲೇಜಿನ ಹಾಲಿ ವಿದ್ಯಾರ್ಥಿಗಳು ಮತ್ತು ಕೆಲವೆಡೆ ಸಿಬ್ಬಂದಿ. ಗೋಡೆ ದಾಟಿ ಬೇರೆ ಕಾಲೇಜುಗಳ ಮೇಲೆ ಆಡುವ ವಾರ್ಸಿಟಿ ತಂಡದವರಿಗೆ ಇಲ್ಲಿ ಜಾಗವಿಲ್ಲ. ವಾರ್ಸಿಟಿ ಬಿಟ್ಟವರೂ ಸಾಮಾನ್ಯವಾಗಿ ಒಂದಷ್ಟು ಕಾಲ ಕಾಯಬೇಕು. ಒಬ್ಬರಿಗೆ ಒಂದೇ ತಂಡ. ಪ್ರತಿ ಪಂದ್ಯಕ್ಕೂ ಗುರುತಿನ ಚೀಟಿ ತೋರಿಸಬೇಕು, ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ ಎನ್ನುವ ಕಡೆಗಳೂ ಇವೆ. ಅನರ್ಹ ಆಟಗಾರನೊಬ್ಬ ಒಂದು ನಿಮಿಷ ಆಡಿದರೂ ಗೆದ್ದ ಪಂದ್ಯ ಕೈತಪ್ಪುತ್ತದೆ. ಗೆಳೆಯನ ಕಾರ್ಡ್ ತೆಗೆದುಕೊಂಡು ಬಂದವನನ್ನು ಹಿಡಿಯುವುದು ಕಷ್ಟವೇನಲ್ಲ. ಬೆಂಚಿನವರು ಅಭ್ಯಾಸಬಲದಿಂದ ಅವನ ನಿಜವಾದ ಹೆಸರನ್ನೇ ಕೂಗುತ್ತಾರೆ.

ಐದು ಜನ ಬರದಿದ್ದರೆ? ದೊಡ್ಡ ಪುಸ್ತಕ ಐವರು ಇಲ್ಲದೆ ಶುರುಮಾಡಬೇಡಿ ಎನ್ನುತ್ತದೆ. ರಿಕ್ರಿಯೇಷನಲ್ ಲೀಗ್‌ಗಳು ಹೆಚ್ಚಾಗಿ ನಾಲ್ವರಿದ್ದರೆ ಸಾಕು ಎನ್ನುತ್ತವೆ. ಉಂಗುರ, ಸರ, ಕಿವಿಯೋಲೆ, ಕೈಗಡಿಯಾರ ಎಲ್ಲ ತೆಗೆದಿಡಬೇಕು. ರಕ್ತ ಬಂದರೆ ಹೊರಗೆ ಹೋಗಿ ಕಟ್ಟಿಸಿಕೊಂಡು ಬರಬೇಕು. ಒಂದೇ ತಂಡದಲ್ಲಿ ಇಬ್ಬರಿಗೆ ಒಂದೇ ನಂಬರ್ ಇರುವಂತಿಲ್ಲ. ಇದಿಷ್ಟು ಸಾಕು, ಮುಂದಕ್ಕೆ ಹೋಗೋಣ.

ನಿಲ್ಲದ ಗಡಿಯಾರ

ಸಾಮಾನ್ಯವಾಗಿ 20 ನಿಮಿಷದ ಎರಡು ಅರ್ಧ. ಗಡಿಯಾರ ಓಡುತ್ತಲೇ ಇರುತ್ತದೆ: ಚೆಂಡು ಹೊರಗೆ ಹೋದರೂ, ಫೌಲ್ ಆದರೂ, ಫ್ರೀ ಥ್ರೋ ನಡೆಯುತ್ತಿದ್ದರೂ. ಟೈಮ್‌ಔಟ್‌ನಲ್ಲಿ ನಿಲ್ಲುತ್ತದೆ. ಎರಡನೇ ಅರ್ಧದ ಕೊನೆಯ ಒಂದೋ ಎರಡೋ ನಿಮಿಷ ಮಾತ್ರ ಪ್ರತಿ ಸೀಟಿಗೂ ನಿಲ್ಲುತ್ತದೆ. ಒಂದೋ ಎರಡೋ ಎಂಬುದನ್ನು ನಿಮ್ಮ ಲೀಗ್‌ನ ಪುಟದಲ್ಲಿ ನೋಡಿ ಗುರುತು ಹಾಕಿಕೊಳ್ಳಿ. ಶಾಟ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕೆಂದು ಎಣಿಸುವ ಗಡಿಯಾರ) ಸಾಮಾನ್ಯವಾಗಿ ಇರುವುದಿಲ್ಲ.

ಇದರ ಪರಿಣಾಮ ಆಡುವವರಿಗೇ ಹೊಳೆಯುವುದಿಲ್ಲ. ನಿಮ್ಮ ತಂಡ 7 ಅಂಕ ಹಿಂದಿದೆ, 3 ನಿಮಿಷ ಉಳಿದಿದೆ ಅನ್ನಿ. ಟಿವಿಯಲ್ಲಿ ನೋಡಿದಂತೆ ಬೇಕೆಂದೇ ಫೌಲ್ ಮಾಡಿ ಎದುರಾಳಿಯನ್ನು ಫ್ರೀ ಥ್ರೋ ಗೆರೆಗೆ ಕಳಿಸುತ್ತೀರಿ. ರೆಫರಿ ಟೇಬಲ್‌ಗೆ ಬಂದು ನಂಬರ್ ಹೇಳಬೇಕು, ಎಲ್ಲರೂ ಸಾಲಾಗಿ ನಿಲ್ಲಬೇಕು, ಅವನು ಚೆಂಡನ್ನು ಮೂರು ಸಲ ಕುಟ್ಟಿ ಎಸೆಯಬೇಕು. ಅರ್ಧ ನಿಮಿಷ ಹೋಯಿತು. ಗಡಿಯಾರ ನಿಲ್ಲಿಸಲು ಮಾಡಿದ ಫೌಲು ಗಡಿಯಾರವನ್ನೇ ತಿಂದುಹಾಕಿತು. ಗಡಿಯಾರ ನಿಲ್ಲುವ ಗಡಿ ಬರುವ ತನಕ ಬೇಕೆಂದು ಫೌಲ್ ಮಾಡಬಾರದು. ಅಲ್ಲಿಯವರೆಗೆ ಒತ್ತಿ ಆಡಿ ಚೆಂಡು ಕಸಿಯುವುದೇ ದಾರಿ. ಮುಂದಿರುವ ತಂಡಕ್ಕೆ ಇದನ್ನು ತಿರುಗಿಸಿ ಓದಿಕೊಳ್ಳಿ.

ಏಳು, ಹತ್ತು, ಈಗ ಐದು

ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ ಜೇಮ್ಸ್ ನೇಸ್ಮಿತ್ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬರೆದ 13 ನಿಯಮಗಳಲ್ಲಿ ಏಳನೆಯದು ಹೀಗಿದೆ: ಒಂದು ತಂಡ ಬೆನ್ನುಬೆನ್ನಿಗೆ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು. ಒಬ್ಬನ ತಪ್ಪನ್ನು ತಂಡದ ಖಾತೆಗೆ ಹಾಕುವ ಯೋಚನೆ ಮೊದಲ ದಿನದಿಂದಲೇ ಇತ್ತು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಹುಡುಗರ ಒಂದು ತರಗತಿಯನ್ನು ಸುಮ್ಮನಿರಿಸಲು ಹುಟ್ಟಿದ ಆಟವಿದು, ಆ ಅರ್ಥದಲ್ಲಿ ಮೊದಲ ಪಂದ್ಯವೂ ರಿಕ್ರಿಯೇಷನಲ್ಲೇ!

ಈಗಿನ ಲೆಕ್ಕ: ಒಬ್ಬ ಆಟಗಾರ 5 ಫೌಲ್ ಮಾಡಿದರೆ ಅವನ ಆಟ ಮುಗಿಯಿತು. ತಂಡದ ಲೆಕ್ಕ ಬೇರೆ. ಹಳೇ ಪದ್ಧತಿಯಲ್ಲಿ ಒಂದು ಅರ್ಧದಲ್ಲಿ 7ನೇ ಫೌಲ್‌ನಿಂದ ಎದುರಾಳಿಗೆ ಒನ್-ಅಂಡ್-ಒನ್ (ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು), 10ನೆಯದರಿಂದ ನೇರ ಎರಡು ಎಸೆತ. 2023–24ರಿಂದ ಹೈಸ್ಕೂಲ್ ಪುಸ್ತಕ ಇದನ್ನು ಬದಲಿಸಿತು: ಲೆಕ್ಕ ಪ್ರತಿ ಕ್ವಾರ್ಟರ್‌ಗೂ ಸೊನ್ನೆಯಿಂದ ಶುರು, 5ನೇ ಫೌಲ್‌ಗೆ ಎರಡು ಎಸೆತ, ಒನ್-ಅಂಡ್-ಒನ್ ಇಲ್ಲವೇ ಇಲ್ಲ. ಆದರೆ ಕ್ವಾರ್ಟರ್ ಬದಲು ಅರ್ಧಗಳಲ್ಲಿ ಆಡುವ ಕಾಲೇಜು ಲೀಗ್‌ಗಳಲ್ಲಿ ಹಲವು ಹಳೇ ಏಳು-ಹತ್ತನ್ನೇ ಉಳಿಸಿಕೊಂಡಿವೆ. ಸ್ಥಳೀಯ ಪುಟಗಳಲ್ಲಿ ಒಂದೇ ಒಂದು ಸಾಲು ಓದುತ್ತೀರಾದರೆ ಈ ಸಾಲು ಓದಿ.

ಒನ್-ಅಂಡ್-ಒನ್‌ಗೂ ಎರಡು ಎಸೆತಕ್ಕೂ ಏನು ಅಂತರ? ಹತ್ತಕ್ಕೆ ಆರು ಹಾಕುವವನನ್ನು ತೆಗೆದುಕೊಳ್ಳಿ. ಎರಡು ಎಸೆತದಲ್ಲಿ ಸರಾಸರಿ 1.2 ಅಂಕ. ಒನ್-ಅಂಡ್-ಒನ್‌ನಲ್ಲಿ ಮೊದಲನೆಯದು 0.6, ಎರಡನೆಯದು ಸಿಗಬೇಕಾದರೆ ಮೊದಲನೆಯದು ಬೀಳಬೇಕು, ಹಾಗಾಗಿ 0.6ರ 0.6 ಪಾಲು, 0.36. ಒಟ್ಟು 0.96. ಹತ್ತಕ್ಕೆ ಐದು ಹಾಕುವವನಾದರೆ 1ಕ್ಕೆ ಎದುರಾಗಿ 0.75. ಯಾರಿಗೆ ಫೌಲ್ ಮಾಡಬೇಕು ಎಂದು ಬೆಂಚಿನಲ್ಲಿ ಪಿಸುಗುಟ್ಟುವವರು ಮಾಡುತ್ತಿರುವುದು ಇದೇ ಗುಣಾಕಾರ.

ಇನ್ನು ನನ್ನ ತಪ್ಪು. ಚೆಂಡು ತನ್ನ ಕೈಯಲ್ಲಿರುವಾಗ ಆಟಗಾರ ಮಾಡುವ ಫೌಲ್‌ಗೆ ಎದುರಾಳಿಗೆ ಫ್ರೀ ಥ್ರೋ ಸಿಗುವುದಿಲ್ಲ, ನಿಜ. ಆದರೆ ಅದು ಅವನ ಐದರಲ್ಲೂ ಸೇರುತ್ತದೆ, ತಂಡದ ಏಳರಲ್ಲೂ ಸೇರುತ್ತದೆ. ಟೆಕ್ನಿಕಲ್ ಫೌಲ್ (ಡಿಕ್ಕಿಯಲ್ಲ, ನಡವಳಿಕೆ ಅಥವಾ ಕ್ರಮದ ತಪ್ಪಿಗೆ ಬೀಳುವುದು) ಕೂಡ ಎರಡೂ ಲೆಕ್ಕಕ್ಕೆ ಸೇರುತ್ತದೆ.

ಹೆಜ್ಜೆಯ ಲೆಕ್ಕ

ಟ್ರಾವೆಲಿಂಗ್ (ಚೆಂಡು ಹಿಡಿದುಕೊಂಡು ನಿಯಮ ಮೀರಿ ಕಾಲು ಸರಿಸುವ ತಪ್ಪು) ಎಂದರೆ ಮೂರು ಹೆಜ್ಜೆ ಎಂದು ಕಲಿತವರು ಅದನ್ನು ಮರೆತುಬಿಡಿ, ಹೆಜ್ಜೆ ಎಣಿಸಬೇಡಿ. ಪಿವಟ್ ಪಾದ, ಅಂದರೆ ನೆಲಕ್ಕೆ ಊರಿಕೊಂಡು ಸುತ್ತ ತಿರುಗುವ ಪಾದ, ಯಾವುದು ಎಂದು ಮಾತ್ರ ನೋಡಿ. ಎರಡೂ ಕಾಲು ನೆಲದಲ್ಲಿರುವಾಗ ಚೆಂಡು ಹಿಡಿದರೆ ಯಾವ ಕಾಲನ್ನಾದರೂ ಪಿವಟ್ ಮಾಡಿಕೊಳ್ಳಬಹುದು. ಗಾಳಿಯಲ್ಲಿ ಹಿಡಿದು ಒಂದು ಕಾಲು ಮೊದಲು ಊರಿದರೆ ಅದೇ ಪಿವಟ್. ಪಾಸ್ ಅಥವಾ ಶಾಟ್‌ಗೆ ಪಿವಟ್ ಎತ್ತಬಹುದು, ಅದು ಮತ್ತೆ ನೆಲ ಮುಟ್ಟುವ ಮುಂಚೆ ಚೆಂಡು ಕೈಬಿಟ್ಟಿರಬೇಕು. ಡ್ರಿಬಲ್ (ಚೆಂಡು ಕುಟ್ಟುತ್ತಾ ಸಾಗುವುದು) ಶುರುಮಾಡುವಾಗ ಮಾತ್ರ ಉಲ್ಟಾ: ಪಿವಟ್ ಏಳುವ ಮುಂಚೆಯೇ ಚೆಂಡು ಕೈಯಿಂದ ಹೊರಟಿರಬೇಕು. ನೂರಕ್ಕೆ ತೊಂಬತ್ತು ಟ್ರಾವೆಲಿಂಗ್ ಆಗುವುದು ಈ ಕೊನೆಯ ಸಾಲಿನಲ್ಲಿ ಎಂದು ನನ್ನ ಅಂದಾಜು. ಅರಿವಿಲ್ಲದೆ ಕಾಲು ಅರ್ಧ ಕ್ಷಣ ಮುಂಚೆ ಎದ್ದಿರುತ್ತದೆ.

ನೆಲಕ್ಕೆ ಬಿದ್ದ ಚೆಂಡಿಗೆ ಹಾರಿ ಹಿಡಿದು, ಆ ರಭಸಕ್ಕೆ ಜಾರಿಕೊಂಡು ಹೋದರೆ ತಪ್ಪಿಲ್ಲ. ಜಾರುವುದು ನಿಂತ ಮೇಲೆ ಚೆಂಡು ಹಿಡಿದುಕೊಂಡೇ ಎದ್ದು ನಿಂತರೆ ಟ್ರಾವೆಲಿಂಗ್. ಪ್ರೇಕ್ಷಕರು ಜಾರಿದ್ದಕ್ಕೆ ಕೂಗುತ್ತಾರೆ, ಎದ್ದು ನಿಂತಿದ್ದಕ್ಕೆ ಸುಮ್ಮನಿರುತ್ತಾರೆ.

ಡಿಕ್ಕಿ ಯಾರ ತಪ್ಪು

ಡಿಫೆಂಡರ್ ಕಲ್ಲಿನಂತೆ ನಿಂತಿದ್ದರೆ ಮಾತ್ರ ಚಾರ್ಜ್ ಎಂಬ ನಂಬಿಕೆ ಬಲವಾಗಿದೆ, ತಪ್ಪೂ ಹೌದು. ಅವನು ಮೊದಲು ಎರಡು ಕಾಲೂರಿ ಎದುರಾಳಿಗೆ ಎದೆ ತೋರಿಸಿ ಜಾಗ ಹಿಡಿಯಬೇಕು. ಆಮೇಲೆ ಪಕ್ಕಕ್ಕೆ, ಹಿಂದಕ್ಕೆ ಸರಿಯಬಹುದು, ನೆಟ್ಟಗೆ ಮೇಲಕ್ಕೆ ಜಿಗಿಯಲೂಬಹುದು. ಡಿಕ್ಕಿ ಎದೆಗೆ ಬಿದ್ದರೆ ಸಾಮಾನ್ಯವಾಗಿ ಚಾರ್ಜ್. ಸೊಂಟ, ಭುಜ ಅಥವಾ ಚಾಚಿದ ಮೊಣಕಾಲಿಗೆ ಬಿದ್ದರೆ ಬಹುಮಟ್ಟಿಗೆ ಬ್ಲಾಕ್, ಅಂದರೆ ಡಿಫೆಂಡರ್‌ನದೇ ಫೌಲ್. ಎದುರಾಳಿ ಆಗಲೇ ಹಾರಿದ್ದರೆ ಅವನು ಇಳಿಯುವ ಜಾಗಕ್ಕೆ ನುಗ್ಗುವಂತಿಲ್ಲ.

ಇದೇ ಸಾಲಿನ ಇನ್ನೆರಡು ಕೂಗು: ‘ಓವರ್ ದ ಬ್ಯಾಕ್’ ಮತ್ತು ‘ರೀಚ್ ಇನ್’. ಪುಸ್ತಕದಲ್ಲಿ ಈ ಹೆಸರಿನ ಫೌಲೇ ಇಲ್ಲ. ಎತ್ತರದವನು ಹಿಂದಿನಿಂದ ಕೈ ಚಾಚಿ, ಮೈ ಮುಟ್ಟದೆ ರಿಬೌಂಡ್ (ಬುಟ್ಟಿಗೆ ಬೀಳದೆ ಚಿಮ್ಮಿ ಬಂದ ಚೆಂಡು) ತೆಗೆದರೆ ಅದು ಒಳ್ಳೆಯ ಆಟ. ಚೆಂಡಿನ ಮೇಲಿರುವ ಕೈಯನ್ನು ಚೆಂಡಿನ ಜೊತೆಗೇ ತಟ್ಟಿದರೂ ಫೌಲ್ ಅಲ್ಲ. ಸದ್ದು ಜೋರಾಗಿ ಬರುತ್ತದೆ ಅಷ್ಟೆ.

ಇಲ್ಲದ ಟೈಮ್‌ಔಟ್

ರಿಕ್ರಿಯೇಷನಲ್ ಲೀಗ್‌ನಲ್ಲಿ ಟೈಮ್‌ಔಟ್ ಕಡಿಮೆ, ಕೆಲವೆಡೆ ಅರ್ಧಕ್ಕೆ ಒಂದೇ. ಇಲ್ಲದ್ದನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ 1993ರ ಎನ್‌ಸಿಎಎ ಫೈನಲ್‌ಗಿಂತ ಒಳ್ಳೆಯ ಪಾಠವಿಲ್ಲ. ನಾರ್ತ್ ಕ್ಯಾರೊಲೈನಾ 73, ಮಿಷಿಗನ್ 71. ಮಿಷಿಗನ್‌ನ ಕ್ರಿಸ್ ವೆಬರ್ ರಿಬೌಂಡ್ ಹಿಡಿದು, ರೆಫರಿಗಳ ಕಣ್ಣು ತಪ್ಪಿದ ಒಂದು ಟ್ರಾವೆಲಿಂಗ್ ಕೂಡ ಮಾಡಿ, ಮುಂದಕ್ಕೆ ಓಡಿ ಬಂದು ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡರು. 11 ಸೆಕೆಂಡ್ ಇದ್ದಾಗ ಎರಡೂ ಕೈಯಿಂದ ಟಿ ಆಕಾರ ತೋರಿಸಿದರು. ಮಿಷಿಗನ್ ಬಳಿ ಟೈಮ್‌ಔಟ್ ಉಳಿದಿರಲಿಲ್ಲ. ಟೆಕ್ನಿಕಲ್ ಫೌಲ್: ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಎದುರಾಳಿಗೆ. ಪಂದ್ಯ 77–71ಕ್ಕೆ ಮುಗಿಯಿತು.

ಗಮನಿಸಬೇಕಾದ ಅಂಶ: ಕೇಳಿದರೆ ರೆಫರಿ ಕೊಡಲೇಬೇಕು, ‘ನಿನ್ನ ಹತ್ತಿರ ಇಲ್ಲ ಕಣಪ್ಪ’ ಎಂದು ತಿದ್ದುವುದು ಅವರ ಕೆಲಸವಲ್ಲ. ಎಷ್ಟು ಉಳಿದಿದೆ ಎಂದು ಮುಂಚೆಯೇ ಟೇಬಲ್‌ಗೆ ಬಂದು ವಿಚಾರಿಸಿ, ನಾವು ಹೇಳುತ್ತೇವೆ.

ಬಾಣ, ಬಾಯಿ

ಜಂಪ್ ಬಾಲ್ (ರೆಫರಿ ಮೇಲಕ್ಕೆಸೆದ ಚೆಂಡಿಗೆ ಇಬ್ಬರು ಜಿಗಿಯುವುದು) ಆಟದ ಆರಂಭದಲ್ಲಿ, ಆಮೇಲೆ ಓವರ್‌ಟೈಮ್ ಬಂದರೆ ಅದರ ಆರಂಭದಲ್ಲಿ. ನಡುವೆ ಇಬ್ಬರು ಚೆಂಡು ಹಿಡಿದು ಜಗ್ಗಾಡಿದರೆ ಟೇಬಲ್ ಮೇಲಿನ ಬಾಣ ಯಾರ ಕಡೆಗಿದೆಯೋ ಅವರಿಗೆ. ಮೊದಲ ಜಂಪ್‌ನಲ್ಲಿ ಚೆಂಡು ಸಿಗದವರ ಕಡೆಗೆ ಬಾಣ ತಿರುಗಿಸಿ ಇಡುವುದು ಸ್ಕೋರರ್ ಕೆಲಸ. ಆಮೇಲೆ ಪ್ರತಿ ಸಲವೂ ಥ್ರೋ-ಇನ್ (ಗೆರೆಯ ಹೊರಗಿನಿಂದ ಚೆಂಡು ಒಳಕ್ಕೆಸೆಯುವುದು) ಮುಗಿದ ಮೇಲೆ ತಿರುಗಿಸಬೇಕು, ಸೀಟಿ ಊದಿದ ತಕ್ಷಣ ಅಲ್ಲ. ಏಕೆಂದರೆ ಆ ಥ್ರೋ-ಇನ್ ನಡುವೆ ಫೌಲ್ ಆದರೆ ಬಾಣ ಅವರಲ್ಲೇ ಉಳಿಯುತ್ತದೆ.

ಬಾಯಿಯ ವಿಚಾರ: ಒಬ್ಬನಿಗೆ ಎರಡು ಟೆಕ್ನಿಕಲ್ ಬಿದ್ದರೆ ಹೊರಗೆ, ಮುಂದಿನ ಪಂದ್ಯಕ್ಕೂ ಬಹುತೇಕ ನಿಷೇಧ. ಹಲವು ಲೀಗ್‌ಗಳಲ್ಲಿ ತಂಡದ ನಡವಳಿಕೆಗೆ ಪ್ರತಿ ಪಂದ್ಯಕ್ಕೂ ಅಂಕವಿರುತ್ತದೆ. ಸರಾಸರಿ ಕಡಿಮೆಯಾದರೆ ಎಲ್ಲ ಗೆದ್ದವರಿಗೂ ಪ್ಲೇಆಫ್ ಇಲ್ಲ. ವಾರ್ಮ್‌ಅಪ್‌ನಲ್ಲಿ ಡಂಕ್ ಮಾಡಿದರೂ ಟೆಕ್ನಿಕಲ್ಲೇ, ಆಟ ಶುರುವಾಗುವ ಮುಂಚೆಯೇ ಎದುರಾಳಿಗೆ ಎರಡು ಫ್ರೀ ಥ್ರೋ.

ಬಿಡಿಸಿ ನೋಡಲು ಒಂದು ಪ್ರಶ್ನೆ

ಹಳೇ ಏಳು-ಹತ್ತು ಪದ್ಧತಿ. ಸ್ಕೋರ್ 48–48, 3 ಸೆಕೆಂಡ್ ಉಳಿದಿದೆ. ಎರಡನೇ ಅರ್ಧದಲ್ಲಿ ಎ ತಂಡದ ಫೌಲ್ 6. ಎ ತಂಡದವನು ಹಾರಿ ಶಾಟ್ ಎಸೆದ, ಚೆಂಡು ಕೈಬಿಟ್ಟಿತು, ಅವನು ಇಳಿಯುವ ಮುಂಚೆ ಸರಿಯಾಗಿ ಜಾಗ ಹಿಡಿದಿದ್ದ ಬಿ ತಂಡದವನ ಎದೆಗೆ ಗುದ್ದಿದ. ಚೆಂಡು ಬುಟ್ಟಿಗೆ ಬಿತ್ತು. ಅಂಕ ಎಷ್ಟು? ಬಿ ತಂಡಕ್ಕೆ ಏನು ಸಿಗುತ್ತದೆ?

ಹೈಸ್ಕೂಲ್ ನಿಯಮದಲ್ಲಿ ಕಾಲು ನೆಲ ಮುಟ್ಟುವ ತನಕ ಅವನು ಶೂಟರೇ, ಚೆಂಡು ಕೈಬಿಟ್ಟಿದ್ದರೂ ಸರಿ. ಹಾಗಾಗಿ ಇದು ಚೆಂಡು ಹೊಂದಿದವನ ಫೌಲ್. ಬುಟ್ಟಿ ಲೆಕ್ಕಕ್ಕಿಲ್ಲ, ಸ್ಕೋರ್ 48–48ರಲ್ಲೇ ಇರುತ್ತದೆ. ಬಿ ತಂಡಕ್ಕೆ ಫ್ರೀ ಥ್ರೋ ಇಲ್ಲ, ಹತ್ತಿರದ ಜಾಗದಿಂದ ಥ್ರೋ-ಇನ್. ಆದರೆ ಬೋರ್ಡಿನ ಮೇಲೆ ಎ ತಂಡದ 6 ಈಗ 7 ಆಗಬೇಕು. ಅಂಕ ಬಾರದೆ ಓವರ್‌ಟೈಮ್‌ಗೆ ಹೋದರೆ ಎರಡನೇ ಅರ್ಧದ ಫೌಲ್‌ಗಳು ಹಾಗೇ ಮುಂದುವರಿಯುತ್ತವೆ. ಓವರ್‌ಟೈಮ್‌ನ ಮೊದಲ ಸೆಕೆಂಡಿನಲ್ಲಿ ಎ ತಂಡದವರು ಯಾರನ್ನಾದರೂ ಸುಮ್ಮನೆ ತಳ್ಳಿದರೂ ಅದು ಎಂಟನೆಯದು, ಬಿ ತಂಡ ನೇರ ಒನ್-ಅಂಡ್-ಒನ್ ಗೆರೆಗೆ ಹೋಗುತ್ತದೆ. ಸ್ಕೋರರ್ ಆ 7 ಬರೆಯದೆ ಬಿಟ್ಟಿದ್ದರೆ, ರೆಫರಿ ಅದನ್ನು ಏಳನೆಯದು ಎಂದೇ ಕೂಗುತ್ತಾರೆ, ಬಿ ತಂಡ ಆಗಲೂ ಗೆರೆಗೆ ಹೋಗುತ್ತದೆ, ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಬಯಲಾಗುವುದು ಆಮೇಲೆ, ಹತ್ತನೆಯದಕ್ಕೆ ಎರಡು ಎಸೆತ ಕೊಡಬೇಕಾದಲ್ಲಿ ಒಂದು ಕೊಟ್ಟು, ಅದು ತಪ್ಪಿ, ರಿಬೌಂಡ್ ಎ ತಂಡದ ಕೈಗೆ ಸಿಕ್ಕಾಗ.